ಸಗಣಿ ಸಾರಿಸಿದ ಗಾಲ್ಫ್ ಕ್ಲಬ್ಬು

ನಮ್ಮ ಸೋದರಮಾವ ಗಾಲ್ಫ್ ಕೋಲು ಹಿಡಿದದ್ದನ್ನು ಕಂಡವರು ಇಡೀ ಹಾಸನದಲ್ಲಿ ಒಬ್ಬರೂ ಇಲ್ಲ. ಆದರೂ ಆತ ಅಲ್ಲಿನ ಗಾಲ್ಫ್ ಕ್ಲಬ್ಬಿಗೆ ಹನ್ನೊಂದು ವರ್ಷ ಕಾರ್ಯದರ್ಶಿ! ಇದರಲ್ಲೇನು ವಿಶೇಷ? ಹಾಲು ಕುಡಿಯದವರು ಹಸು ಸಾಕುವುದಿಲ್ಲವೆ?

ಸ್ವಾತಂತ್ರ್ಯ ಬಂದಮೇಲೆ ಕಾಫಿ ತೋಟದ ದೊರೆಗಳು ಒಬ್ಬೊಬ್ಬರಾಗಿ ಹಡಗು ಹತ್ತಿದರು. ಊರಾಚೆಯ ಬಯಲಲ್ಲಿ ಚೆಂಡು ಬೀಳಿಸುವ ಒಂಬತ್ತು ಕುಳಿ, ಒಂದು ತಗಡಿನ ಷೆಡ್ಡು, ಎರಡು ಚೀಲ ಕೋಲು ಉಳಿದವು. (ಒಂಬತ್ತೋ ಏಳೋ? ನನ್ನ ನೆನಪು ತನಗೆ ಬೇಕಾದ ಕಡೆ ಕುಳಿ ತೋಡಿಕೊಳ್ಳುತ್ತದೆ, ನಂಬಬೇಡಿ.) ಮಾವನದು ಪಾತ್ರೆ ಅಂಗಡಿ. ಗೆದ್ದ ದೊರೆಗಳಿಗೆ ಕೊಡುವ ಬೆಳ್ಳಿ ಬಟ್ಟಲುಗಳನ್ನು ಒದಗಿಸುತ್ತಿದ್ದವನು ಆತ. ಕೊನೆಯ ದೊರೆ ಬೇರೆ ಯಾರೂ ಸಿಕ್ಕದೆ ಷೆಡ್ಡಿನ ಬೀಗದಕೈಯನ್ನು ಮಾವನ ಕೈಗಿತ್ತು, "ಹಿಡಿದುಕೊಂಡಿರು, ಬರುತ್ತೇನೆ" ಎಂದನಂತೆ. ಮಾವ ಹಿಡಿದುಕೊಂಡೇ ಇದ್ದ!

ಕುಳಿಯ ಸುತ್ತ ಹುಲ್ಲು ಬೆಳೆಸಲು ನೀರು ಬೇಕು, ನೀರಿಗೆ ದುಡ್ಡು ಬೇಕು. ಎರಡೂ ಇಲ್ಲ. ಮಾವ ಹುಲ್ಲು ಕೆರೆಸಿ, ನೆಲ ಮಟ್ಟ ಮಾಡಿಸಿ, ಮನೆಯ ಹಸುಗಳ ಸಗಣಿಯಿಂದ ಸಾರಿಸಿಬಿಟ್ಟ.

"ಆ ಸಗಣೀನ ಹಿತ್ತಲಿಗೆ ಹಾಕಿದ್ರೆ ನಾಲ್ಕು ಬದನೇಕಾಯಾದ್ರೂ ಬಿಡ್ತಿತ್ತು," ಎಂದಳು ಅತ್ತೆ.

"ಇವಳೇ, ನಿಂಗೆ ಗೊತ್ತಾಗಲ್ಲ ಸುಮ್ನಿರು."

ಮಾವನ ಬಾಯಲ್ಲಿ ಅತ್ತೆ ಯಾವಾಗಲೂ 'ಇವಳೇ'. ಅತ್ತೆಯ ಬಾಯಲ್ಲಿ ಮಾವ 'ಇವರು'. ಗಂಡ ಹೆಂಡತಿ ಒಬ್ಬರನ್ನೊಬ್ಬರು ಹೆಸರು ಹಿಡಿದು ಕರೆದರೆ ಆಯುಸ್ಸು ತಗ್ಗುತ್ತದೆ ಎನ್ನುವುದು ನಮ್ಮ ಮನೆಯ ಕಾನೂನು. ಓದಲು ಬಂದು ಅವರ ಮನೆಯಲ್ಲೇ ಇದ್ದ ಇಪ್ಪತ್ತರ ನನಗೂ ಆಕೆ ಬರೀ ಅತ್ತೆ, ಹೆಸರು ಗೊತ್ತಿರಲಿಲ್ಲ.

ಸುಗ್ಗಿ ಬಂತು. ಒಂದು ಬೆಳಿಗ್ಗೆ ಮಾವನೂ ನಾನೂ ಹೋಗಿ ನೋಡಿದರೆ ಮೂರನೆಯ ಕುಳಿಯ ಮೇಲೆ ರಾಗಿ ತೆನೆ ಹರಡಿ, ಒಬ್ಬ ರೈತ ಎತ್ತು ಕಟ್ಟಿ ರೋಣಗಲ್ಲು ಉರುಳಿಸುತ್ತಿದ್ದಾನೆ!

"ಕಣ ಸಂದಾಗಿ ಮಾಡ್ಸಿದ್ದೀರಿ ಸಾ. ನಡುವ್ಕೆ ಒಂದು ತೂತು ಯಾಕ್ ಬುಟ್ರಿ? ರಾಗಿಯೆಲ್ಲ ಒಳೀಕೋಯ್ತದೆ!"

"ಇದು ಸದಸ್ಯರಿಗೆ ಮಾತ್ರ ಕಣಯ್ಯ!"

"ಅಂಗಾರೆ ನನ್ನೂ ಸದಸ್ಯನ್ನ ಮಾಡ್ಕಳಿ, ಅದಕ್ಕೇನಂತೆ."

ಅವನ ಹಿಂದೆ ಇನ್ನೂ ಮೂವರು ಬಂದರು. ಕುಳಿಗಿಷ್ಟು ಸೇರು ರಾಗಿ ಚಂದಾ. ಲಂಡನ್ನಿನ ಯಾವ ಕ್ಲಬ್ಬಿಗಿದೆ ಈ ಭಾಗ್ಯ?

ಆಗ ಸರ್ಕಾರದ ಕಾಗದ ಬಂತು. ತಾಲ್ಲೂಕಿನ ಅಮಲ್ದಾರರು ಖುದ್ದಾಗಿ ಬರುತ್ತಾರೆ; ಆಡುವ ಸದಸ್ಯರು ಹನ್ನೆರಡು ಮಂದಿ ಹಾಜರಿರದಿದ್ದರೆ ಬಯಲನ್ನು ಗೊಬ್ಬರದ ಉಗ್ರಾಣಕ್ಕೆ ಕೊಡಲಾಗುವುದು. ರಾಗಿಯ ರೈತರನ್ನೂ ನನ್ನನ್ನೂ ಸೇರಿಸಿ ನಾವಿದ್ದದ್ದು ಎಂಟು. ಮಾವ ಬಸ್ಸು ಹತ್ತಿದ. ಅರಕಲಗೂಡಿನಲ್ಲಿ ಒಬ್ಬ ಹೊಗೆಸೊಪ್ಪಿನ ವ್ಯಾಪಾರಿ, ಹೊಳೆನರಸೀಪುರದಲ್ಲಿ ಒಬ್ಬ ನಿವೃತ್ತ ಮೇಷ್ಟರು ಸಿಕ್ಕಿದರು. ರುದ್ರಪಟ್ಟಣದ ಸಂಗೀತ ವಿದ್ವಾಂಸರೊಬ್ಬರು ಬಂದು ಕೋಲು ಎತ್ತಿದರು, ಇಳಿಸಲೇ ಇಲ್ಲ. ತಾಳ ಕೂಡಿಬರಲಿ ಎಂದು ಕಾಯುತ್ತಿದ್ದರು! ಹನ್ನೆರಡನೆಯವರು ಚನ್ನರಾಯಪಟ್ಟಣದ ತೆಂಗಿನಕಾಯಿ ಮಂಡಿಯ ಸಾಹುಕಾರರು.

"ಚೆಂಡನ್ನ ದೂರಕ್ಕೆ ಹೊಡೆದು ಆಮೇಲೆ ನಾವೇ ಹೋಗಿ ಹುಡುಕ್ಬೇಕಾ?"

"ಹೌದು."

"ಹೊಡೀದೇ ಇದ್ರೆ?"

"ಹುಡುಕೋ ಹಾಗಿಲ್ಲ."

"ಹಂಗಾದ್ರೆ ನಾನು ಹೊಡೆಯಲ್ಲ. ಹೆಸರು ಬರ್ಕಳಿ."

ಅಮಲ್ದಾರರು ಬಂದ ದಿನ ಸಾಹುಕಾರರು ಕೊಟ್ಟ ಮಾತಿಗೆ ತಪ್ಪಲಿಲ್ಲ. ಹೊಡೆಯಲು ಬರಲೇ ಇಲ್ಲ.

ಹಾಜರಿ ಪುಸ್ತಕದ ಮುಂದೆ ಕುರ್ಚಿ ಹಾಕಿಕೊಂಡಿದ್ದ ಅಮಲ್ದಾರರು ಹನ್ನೊಂದರವರೆಗೆ ಎಣಿಸಿ ಪೆನ್ನಿನ ಮುಚ್ಚಳ ಹಾಕಿದರು. ಮಾವ ಬೀಗದಕೈ ಹಿಡಿದುಕೊಂಡು ನಿಂತಿದ್ದ. ಹನ್ನೊಂದು ವರ್ಷದಲ್ಲಿ ಆತನ ಮುಖ ಅಷ್ಟು ಚಿಕ್ಕದಾಗಿದ್ದನ್ನು ನಾನು ಕಂಡಿರಲಿಲ್ಲ. (ಹನ್ನೊಂದು ವರ್ಷ ನಾನೆಲ್ಲಿ ಅಲ್ಲಿದ್ದೆ? ಇರಲಿ.)

ಅಮಲ್ದಾರರಿಗೆಂದು ಉಪ್ಪಿಟ್ಟು ತಂದಿದ್ದ ಅತ್ತೆ ಪಾತ್ರೆಯನ್ನು ಕೆಳಗಿಟ್ಟಳು. ಬೆಳಿಗ್ಗೆ ಒಂಬತ್ತನೆಯ ಕುಳಿಯನ್ನು ಅವಳೇ ಸಾರಿಸಿದ್ದಳು. ಮೊಣಕೈಯಲ್ಲಿ ಸಗಣಿ ಇನ್ನೂ ಒಣಗಿರಲಿಲ್ಲ.

"ನಾನಿದೀನಲ್ಲ ಸ್ವಾಮಿ. ಬರ್ಕೊಳಿ," ಎಂದು ಸೆರಗು ಸಿಕ್ಕಿಸಿದಳು.

"ಸದಸ್ಯರನ್ನ ಕಾರ್ಯದರ್ಶಿಗಳೇ ಹೆಸರು ಹಿಡಿದು ಕರೀಬೇಕು," ಎಂದರು ಅಮಲ್ದಾರರು.

"ಇವಳು... ನಮ್ಮ ಮನೆಯವರು."

"ಹಾಗಂತ ಹೆಸರು ಇರುತ್ತೇನ್ರೀ?"

ರೈತರು ನಕ್ಕರು. ವಿದ್ವಾಂಸರು ಕೋಲು ಇಳಿಸಿದರು. ಮಾವ ತಲೆಯ ಮೇಲಿನ ಟೋಪಿ ತೆಗೆದ, ಮತ್ತೆ ಹಾಕಿಕೊಂಡ. ಅತ್ತೆ ನೆಲ ನೋಡುತ್ತಿದ್ದಳು.

"ಗೌರಮ್ಮ," ಎಂದ ಮಾವ.

"ಇದೀನಿ," ಎಂದಳು ಅತ್ತೆ.

ಆಮೇಲೆ ಕೋಲು ತೆಗೆದುಕೊಂಡು ಹೊಡೆದಳು. ಚೆಂಡು ರಾಗಿ ಮೆದೆಗೆ ಬಿತ್ತೆಂದು ಕೆಲವರು, ಅಲುಗಲೇ ಇಲ್ಲವೆಂದು ಕೆಲವರು ಹೇಳುತ್ತಾರೆ. ನಾನು ಚೆಂಡನ್ನು ನೋಡಲಿಲ್ಲ, ಮಾವನನ್ನು ನೋಡುತ್ತಿದ್ದೆ. ಅಮಲ್ದಾರರು ಹೆಸರು ಬರೆದು ಮುಗಿಸಿದ್ದರು, ಕ್ಲಬ್ಬು ಇನ್ನೊಂದು ವರ್ಷಕ್ಕೆ ಉಳಿದಿತ್ತು. ಮಾವನ ತುಟಿ ಮಾತ್ರ ಯಾರಿಗೂ ಕೇಳಿಸದಷ್ಟು ಮೆಲ್ಲಗೆ ಆ ಹೆಸರನ್ನು ಇನ್ನೊಂದು ಸಲ ಕರೆಯುತ್ತಿತ್ತು.