ಬಿಸಿ ಆರುವ ಮೊದಲು ರೋಲರ್

ಡಾಂಬರು ಹಾಕಿಸುವ ಸೂಪರ್‌ವೈಸರ್‌ಗೆ ತಾಳ್ಮೆ ಬೇಕು ಅನ್ನುತ್ತಾರೆ. ಹಾಗನ್ನುವವರನ್ನು ಒಂದು ದಿನ ಮೂರ್ನಾಡು ಕಡೆಯ ನಮ್ಮ ರಸ್ತೆಯಲ್ಲಿ ನಿಲ್ಲಿಸಬೇಕು. ಬಿಸಿ ಇರುವಾಗಲೇ ರೋಲರ್ ಓಡಿಸಿ ಒತ್ತದಿದ್ದರೆ ಜಲ್ಲಿ ಕೂರುವುದಿಲ್ಲ, ಮಳೆಗೆ ಎದ್ದು ಬರುತ್ತದೆ. ಇಷ್ಟೇ ವಿಷಯ, ಯಾರ ತಲೆಗೂ ಹೋಗುವುದಿಲ್ಲ. ಹೋದ ವರ್ಷ ಹಾಕಿಸಿದ್ದು ಎದ್ದು ಬಂದಿತ್ತು. ಈ ಸಲವೂ ಪರೀಕ್ಷೆಯಲ್ಲಿ ಫೇಲಾದರೆ ಮನೆಗೆ ಹೋಗು ಅಂತ ಕಂಟ್ರಾಕ್ಟರು ಹೇಳಿಬಿಟ್ಟಿದ್ದರು.

೧. ಟಾರ್ಪಾಲು

ಮೊದಲ ಲೋಡು ತಂದ ಟಿಪ್ಪರಿನ ಮೇಲೆ ಬಿಸಿ ಆರದಂತೆ ಮುಚ್ಚುವ ಟಾರ್ಪಾಲೇ ಇಲ್ಲ.

"ಭಾವನ ಮನೆಯಲ್ಲಿ ಮದುವೆ ಸಾರ್, ಅಡುಗೆ ಚಪ್ಪರಕ್ಕೆ ಕಟ್ಟಿದ್ದೇವೆ" ಅಂದ ಡ್ರೈವರ್. ಅಲ್ಲೇ ತಿಂಡಿಯನ್ನೂ ಮುಗಿಸಿ ಬಂದಿದ್ದ. ನನಗೆ ಮೈಯೆಲ್ಲ ಉರಿಯಿತು.

"ಬಿಸಿ ಉಂಟು ಸಾರ್" ಅಂತ ಡಾಂಬರಿನ ಮೇಲೆ ಕೈಯಿಟ್ಟು ತೋರಿಸಿದ.

"ಕೈ ಇಡಲಿಕ್ಕಾದರೆ ಅದು ಡಾಂಬರಲ್ಲ, ಉಪ್ಪಿಟ್ಟು. ಅದನ್ನೂ ಮದುವೆ ಮನೆಗೇ ತಗೊಂಡು ಹೋಗು" ಅಂದೆ.

೨. ಚಪ್ಪಲಿ

ಮರುದಿನ ಡಾಂಬರು ಹಾಸಿ ಮುಗಿಯುವಷ್ಟರಲ್ಲಿ ಊರಿನ ಮುಖಂಡರೊಬ್ಬರು ತೆಂಗಿನಕಾಯಿ ಹಿಡಿದು ರೋಲರಿಗೆ ಅಡ್ಡ ನಿಂತರು. ಕಾಯಿ ಒಡೆದು ಫೋಟೋ ತೆಗೆಸಿಕೊಳ್ಳದೆ ಬಿಡುವುದಿಲ್ಲವಂತೆ.

"ಬೇಗ ಒಡೆಯಿರಿ, ಆರುತ್ತದೆ" ಅಂತ ಹಲ್ಲು ಕಚ್ಚಿ ಹೇಳಿದೆ.

"ಆರಲಿ ಮಾರಾಯ್ರೆ" ಅಂದರು. "ಈಗ ನಡೆದರೆ ಚಪ್ಪಲಿ ಅಂಟ್ತದಲ್ಲ."

೩. ಕಾಫಿ

ಮೂರನೆಯ ದಿನ ಯಾರೂ ಬಾರದಿರಲಿ ಅಂತ ರಸ್ತೆ ಬಂದ್ ಮಾಡಿ ಬೋರ್ಡು ನಿಲ್ಲಿಸಿದೆ. ರೋಲರ್ ಒಂದು ಸುತ್ತು ಹೊಡೆದು ನೀರು ತುಂಬಿಸಿಕೊಳ್ಳಲು ಹೋಯಿತು, ಜೊತೆಗೆ ನಾನೂ ಹೋದೆ. ಬಂದು ನೋಡಿದರೆ ತಿರುವಿನುದ್ದಕ್ಕೂ ಕಾಫಿ ಹಣ್ಣು ಹರಡಿದೆ. ತೋಟದ ಮನೆಯ ಅಮ್ಮ ಬರಿಗಾಲಲ್ಲಿ ಅಂಚಿಗೆ ನಿಂತು ಕೋಲಿನಿಂದ ಕೆದಕುತ್ತಿದ್ದಾರೆ.

"ಎಂತಮ್ಮಾ ಇದು?"

"ಗಾಡಿ ಬರೋದಿಲ್ಲ ಅಂತ ನೀವೇ ಬೋರ್ಡ್ ಹಾಕಿದ್ದೀರಲ್ಲ. ಅಡಿಯಿಂದಲೂ ಬಿಸಿ ಉಂಟು, ಬೇಗ ಒಣಗ್ತದೆ."

ಬಾಯಿಗೆ ಬಂದದ್ದೆಲ್ಲ ಬೈದೆ. ಅವರು ನಿಧಾನವಾಗಿ ಗುಡಿಸಿದರು. ಅಷ್ಟರಲ್ಲಿ ಡಾಂಬರು ಆರಿತ್ತು. ಉಳಿದ ಹಣ್ಣಿನ ಮೇಲೆಯೇ ರೋಲರ್ ಓಡಿಸಿದೆವು.

ವಾರದ ನಂತರ ಪರೀಕ್ಷೆಗೆ ಬಂದ ಇಲಾಖೆಯ ಸಾಹೇಬರು ಸರಿಯಾಗಿ ಆ ತಿರುವಿನಲ್ಲೇ ರಸ್ತೆ ಕೊರೆಸಿ ಒಂದು ದುಂಡನೆಯ ತುಂಡು ತೆಗೆಸಿದರು. ಮೇಲ್ಭಾಗದಲ್ಲಿ ಕಾಫಿ ಬೀಜ ಕಚ್ಚಿಕೊಂಡಿತ್ತು. ತಿರುಗಿಸಿ ನೋಡಿ, "ಚಿಕೋರಿ ಎಷ್ಟು ಹಾಕಿದ್ದೀರಿ?" ಅಂದರು. ನನಗೆ ನಗು ಬರಲಿಲ್ಲ. "ಈ ತಿರುವು ಪೂರ್ತಿ ಕಿತ್ತು ಹೊಸದಾಗಿ ಹಾಕಿ. ಇದೇ ಕೊನೆಯ ಅವಕಾಶ" ಅಂತ ಹೊರಟುಹೋದರು.

ಬೇಲಿಯಾಚೆಯಿಂದ ಎಲ್ಲ ಕೇಳಿಸಿಕೊಂಡಿದ್ದ ಆ ಅಮ್ಮ ಹತ್ತಿರ ಬಂದರು. ಕ್ಷಮೆ ಕೇಳುತ್ತಾರೇನೋ ಅಂದುಕೊಂಡೆ.

"ಯಾವತ್ತು ಹಾಕ್ತೀರಿ ಅಂತ ಮೊದಲೇ ಹೇಳಿ ಸಾರ್" ಅಂದರು. "ಇನ್ನೂ ನಾಲ್ಕು ಚೀಲ ಒಣಗಲಿಕ್ಕೆ ಬಾಕಿ ಉಂಟು."