ಬೇಸಿಗೊಬ್ಬ, ರೋವರಿಗೊಬ್ಬ

ಮನುಷ್ಯ ವಸ್ತುಗಳನ್ನು ಅವುಗಳ ಗುಣ ನೋಡಿ ಕೊಳ್ಳುತ್ತಾನೆ ಎಂಬ ಮಾತನ್ನು ನಾನು ನಂಬುವುದಿಲ್ಲ. ನಮ್ಮ ಚಿಕ್ಕಪ್ಪ ಸೈಕಲ್ ಕೊಂಡದ್ದು ಅಂಗಡಿಯವನು ಕರೆದು ಕಾಫಿ ಕೊಟ್ಟನೆಂದು. ನನ್ನ ಹೆಂಡತಿ ದೊಡ್ಡ ಕುಕ್ಕರ್ ಕೊಂಡದ್ದು ಪಕ್ಕದ ಮನೆಯಾಕೆಯೂ ಅದರ ಮೇಲೆ ಕಣ್ಣಿಟ್ಟಿದ್ದಳೆಂದು. ನಾನು ನಮ್ಮ ಆಫೀಸಿಗೆ ಜಿಪಿಎಸ್ ಆರಿಸಿದ್ದು ಮಾತಾಡಲು ಒಬ್ಬರು ಬೇಕೆಂದು.

ಹೆಂಡತಿಗೆ ತುಮಕೂರಿನಲ್ಲಿ ಟೀಚರ್ ಕೆಲಸ, ನನಗೆ ಚಿಕ್ಕೋಡಿಯ ಖಾಸಗಿ ಸರ್ವೆ ಆಫೀಸಿನಲ್ಲಿ. ಕೃಷ್ಣೆಯ ದಂಡೆಯ ಹೊಲಗಳನ್ನು ಅಳೆಯುತ್ತ ನಾನು ದಿನವಿಡೀ ಬದುವಿನ ಮೇಲೆ ಒಬ್ಬನೇ ತಿರುಗುತ್ತಿದ್ದೆ. ಸರಪಳಿ ಹಿಡಿದು ಅಳೆಯುತ್ತಿದ್ದ ಕಾಲದಲ್ಲಿ ಅದನ್ನು ಎಳೆಯಲು ಇಬ್ಬರು, ಬಾವುಟ ಹಿಡಿಯಲು ಒಬ್ಬ, ಅವರೆಲ್ಲರನ್ನು ಬೈಯಲು ಒಬ್ಬ ಇರುತ್ತಿದ್ದರಂತೆ. ಯಂತ್ರಗಳು ಸುಧಾರಿಸಿದಂತೆಲ್ಲ ಜನ ಕಡಿಮೆಯಾಗಿ, ಕಡೆಗೆ ಬೈಯಲೂ ಯಾರಿಲ್ಲದ ಸ್ಥಿತಿಗೆ ನಾನು ಬಂದು ಮುಟ್ಟಿದ್ದೆ. ಸಂಜೆಯ ಹೊತ್ತಿಗೆ ನನ್ನ ದನಿ ನನಗೇ ಮರೆತುಹೋಗಿರುತ್ತಿತ್ತು.

ಹೀಗಿರುವಾಗ ಬೆಳಗಾವಿಯಿಂದ ಬಂದ ಕಂಪನಿಯವನು ಮೇಜಿನ ಮೇಲೆ ಎರಡು ಬಗೆಯ ಜಿಪಿಎಸ್ ಹರಡಿದ. ನಿಖರತೆಯಲ್ಲಿ ಎರಡೂ ಒಂದೇ. ನಿಂತ ಜಾಗವನ್ನು ಬೆರಳ ಅಗಲದೊಳಗೆ ಹೇಳುತ್ತವೆ. ಮೊದಲನೆಯದಕ್ಕೆ ಮೊಬೈಲ್ ನೆಟ್‌ವರ್ಕ್ ಇದ್ದರಾಯಿತು, ಇನ್ನೊಬ್ಬ ಮನುಷ್ಯನೇ ಬೇಡವೆಂದು ಆತ ಹೆಮ್ಮೆಯಿಂದ ಹೇಳಿದಾಗ ನಾನು ಅದನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿದೆ. ಎರಡನೆಯದು ಜೋಡಿ. ಬೇಸ್ ಎಂಬುದು ಒಂದೇ ಕಡೆ ನಿಂತಿರಬೇಕು, ಆಡು ಮೇಕೆ ಕೆಡವದಂತೆ ಒಬ್ಬರು ಕಾಯಬೇಕು. ರೋವರ್ ಎಂಬುದನ್ನು ಹಿಡಿದು ಇನ್ನೊಬ್ಬರು ತಿರುಗಬೇಕು.

"ಬಿಸಿಲಾಗ ಅಡ್ಡಾಡಾವ್ರು ನೀವು. ಯಾವುದು ಬೇಕು ನೀವ ಹೇಳ್ರಿ" ಎಂದರು ಆಫೀಸಿನ ಮಾಲೀಕರು. ಗಡಿಯಲ್ಲಿರುವ ಕಾಗವಾಡದ ಕಡೆ ನೆಟ್‌ವರ್ಕ್ ನಂಬುವಂತಿಲ್ಲ, ನಾಲ್ಕು ಹೆಜ್ಜೆ ಇಟ್ಟರೆ ನನ್ನ ಫೋನು ಮಹಾರಾಷ್ಟ್ರಕ್ಕೆ ಸೇರಿಬಿಡುತ್ತದೆ ಎಂದೆ. ಅದು ನಿಜವೇ. ಜೋಡಿಯೇ ಬಂತು. ಜೊತೆಗೆ ನಮ್ಮ ಆಫೀಸಿನ ಸಹಾಯಕ, ಶೇಡಬಾಳದ ಅಣ್ಣಾಸಾಬರೂ ಬಂದರು. ಕಲ್ಲನ್ನೂ ಮಾತಾಡಿಸುವ ಆಸಾಮಿ. ನನಗೆ ಹಬ್ಬದ ಸಂಭ್ರಮ.

ಮೊದಲ ದಿನವೇ ಸಂಭ್ರಮ ಇಳಿಯಿತು. ಬೇಸ್ ಕಾಯುವವನು ಬೇಸಿನ ಹತ್ತಿರವೇ ಇರುತ್ತಾನೆ, ರೋವರ್ ಹಿಡಿದವನು ಅದನ್ನು ಬಿಟ್ಟು ದೂರ ದೂರ ಹೋಗುತ್ತಾನೆ ಎಂಬ ಸಣ್ಣ ಸಂಗತಿ, ಕೈಪಿಡಿಯನ್ನು ಎರಡು ಸಲ ಓದಿದ್ದ ನನಗೆ ಹೊಳೆದಿರಲಿಲ್ಲ. ನಮ್ಮಿಬ್ಬರ ನಡುವೆ, ಆ ದಿನ ಅಳೆಯಲು ಹೋಗಿದ್ದ ಉಗಾರದ ಕಬ್ಬೆಲ್ಲ ನಿಂತಿತ್ತು. ಸಂಜೆ ಬಸವಳಿದು ಬಂದರೆ ಬೇಸಿನ ಸುತ್ತ ಜನವೋ ಜನ! ಅಣ್ಣಾಸಾಬರು ನಡುವೆ ಕೂತು ಯಾರದೋ ಮನೆಯ ರೊಟ್ಟಿ ತಿನ್ನುತ್ತ ಇನ್ಯಾರದೋ ಮಗಳಿಗೆ ಗಂಡು ಹೇಳುತ್ತಿದ್ದರು. ನನಗೆ ಹೊಟ್ಟೆಕಿಚ್ಚಾಯಿತು.

ರೋವರಿನ ಬಟನ್ ಒತ್ತುವುದು ಅವರಿಗೂ ಬರುತ್ತಿತ್ತು. ಮರುದಿನ ನೀವು ತಿರುಗಿ, ನಾನು ಕೂರುತ್ತೇನೆ ಎಂದೆ. "ಕುಂಡ್ರಿ ಸಾಹೇಬ್ರ, ಜನಾ ತಾವಾಗೇ ಬರ್ತಾರ" ಎಂದು ಧೈರ್ಯ ಹೇಳಿ ಅವರು ಹೊರಟರು.

ಜನ ಬಂದರು. ಆದರೆ ದೂರದಿಂದಲೇ ಕೈಮುಗಿದು ದಾಟಿಹೋದರು. ಒಬ್ಬ ಹಿರಿಯರು ಮಾತ್ರ ಹತ್ತಿರ ಬಂದು ನಿಂತರು. ಎಷ್ಟೋ ದಿನದಿಂದ ಕೂಡಿಟ್ಟ ಮಾತುಗಳಲ್ಲಿ ಯಾವುದರಿಂದ ಶುರು ಮಾಡಲಿ ಎಂದು ತಿಳಿಯದೆ, ನಗುತ್ತ, "ನಿಮ್ಮದು ಎಷ್ಟು ಎಕರೆ ಇದೆ ಯಜಮಾನರೇ?" ಎಂದು ಕೇಳಿಬಿಟ್ಟೆ. ಹೊಲ ಅಳೆಯಲು ಬಂದವನು ಆಡುವ ಕುಶಲದ ಮಾತೇ ಇದು? ಜಮೀನಿಗೇ ಕುತ್ತು ಬಂತೆಂದು ಅವರ ಮುಖ ಕಪ್ಪಿಟ್ಟಿತು. "ಹೆಚ್ಚೇನಿಲ್ರಿ" ಎಂದವರೇ ಟವೆಲ್ ಕೊಡವಿ ಹೊರಟರು. ಆಮೇಲೆ ಆ ದಾರಿಗೆ ಆಡು ಕೂಡ ಬರಲಿಲ್ಲ.

ಸಂಜೆ ಅಣ್ಣಾಸಾಬರು ಒಂದು ಬಗಲಲ್ಲಿ ರೋವರ್, ಇನ್ನೊಂದರಲ್ಲಿ ಯಾರೋ ಕೊಟ್ಟ ಬೆಲ್ಲದ ಗಂಟು ಇಟ್ಟುಕೊಂಡು ಬಂದರು. ಮೂರು ಮನೆಯಲ್ಲಿ ಚಹಾ ಆಗಿತ್ತಂತೆ. ನನ್ನ ಸುತ್ತಲ ಖಾಲಿ ಬಯಲು ನೋಡಿ ಬೆಲ್ಲ ಮುರಿದು ಕೊಟ್ಟರು. ಅಷ್ಟರಲ್ಲಿ ಮಾಲೀಕರ ಫೋನು ಬಂತು.

"ಮಷೀನ್ ಹೆಂಗೈತ್ರಿ? ಆರಿಸಿದ್ದೇನ ತಪ್ಪಾಗಿಲ್ಲಲ್ಲ?"

"ಚೆನ್ನಾಗಿದೆ ಸಾರ್," ಎಂದೆ, "ತೊಂದರೆ ಮಷೀನಿನದಲ್ಲ."