ಮೂರು ನಿಮಿಷ ಐವತ್ತು ಸೆಕೆಂಡು

ಗ್ರಹಣದ ದಿನ ಬೆಳಿಗ್ಗೆ ಎವರಿಸ್ತೊ ಮೇಷ್ಟ್ರು ಹೆಂಡತಿಯ ಹೊಟ್ಟೆಗೆ ಕಟ್ಟಿದ್ದ ಕೆಂಪು ರಿಬ್ಬನ್ನನ್ನು ಪಿನ್ನಿನ ಸಮೇತ ಬಿಚ್ಚಿ ಒಲೆಗೆ ಹಾಕಿದರು. ಗೋಳು ಶುರುವಾದದ್ದೇ ಅಲ್ಲಿಂದ.

ಕಟ್ಟಿದವಳು ಪಕ್ಕದ ಮನೆಯ ಕೀಕಾ, ಊರಿಗೆಲ್ಲ 'ದೋನ್ಯಾ', ಅಂದರೆ ಅಮ್ಮಾವರು. ಗ್ರಹಣ ಬಂದರೆ ಸಾನ್ ಬ್ರೌಲಿಯೊ ಊರಿನ ಬಸುರಿಯರಿಗೆ, ಗಬ್ಬದ ಮೇಕೆಗಳಿಗೆ, ಕಾಯಿ ಬಿಟ್ಟ ಪೀಚ್ ಮರಗಳಿಗೆ ಕೆಂಪು ಕಟ್ಟುವ ಉಸ್ತುವಾರಿ ಅವಳದು. ಯಾರೂ ವಹಿಸಿದ್ದಲ್ಲ, ತಾನೇ ವಹಿಸಿಕೊಂಡಿದ್ದು.

"ಏನ್ ಮೇಷ್ಟ್ರೇ, ಚಂದ್ರ ಮಗು ತುಟಿ ಕಚ್ಕೊಂಡು ಹೋದ್ರೆ ನಿಮ್ ವಿಜ್ಞಾನ ಬಂದು ಹೊಲಿಗೆ ಹಾಕುತ್ತಾ?" ಎಂದು ಬೇಲಿಯಾಚೆಯಿಂದ ಕೇಳಿದಳು.

"ಚಂದ್ರನಿಗೆ ಹಲ್ಲಿಲ್ಲ ದೋನ್ಯಾ. ಅದು ಬರೀ ನೆರಳು."

ಏಳು ತಿಂಗಳ ಬಸುರಿ ಒಬ್ದುಲಿಯಾ ಗಂಡನ ಕಾಫಿಗೆ ಸಕ್ಕರೆ ಹಾಕುವುದನ್ನು ಮರೆತಳು.

ಮೇಷ್ಟ್ರು ಅಂದು ಮೆತ್ತಗಾಗುವಂತಿರಲಿಲ್ಲ. ಹೆಡ್‌ಮಾಸ್ಟರ್ ಹುದ್ದೆ ಖಾಲಿಯಿತ್ತು. ಅವರ ಗ್ರಹಣದ ಭಾಷಣ ಕೇಳಿ ಅದನ್ನು ಕೊಡುವುದೋ ಬಿಡುವುದೋ ತೀರ್ಮಾನಿಸಲು ದುರಾಂಗೊ ನಗರದಿಂದ ಶಾಲಾ ಇನ್ಸ್‌ಪೆಕ್ಟರ್ ಬೆರೆನೀಸ್ ಮೇಡಂ ಬಂದಿಳಿದರು. ನೋಡಿದರೆ ಅವರೂ ಬಸುರಿ. ಕೀಕಾ ರಿಬ್ಬನ್ನಿನ ಬುಟ್ಟಿ ಹಿಡಿದು ನುಗ್ಗಿದಳು.

"ದೋನ್ಯಾ, ಊರಿನ ಮಾನ ಕಳೀಬೇಡಿ! ಅವ್ರು ಭೌತಶಾಸ್ತ್ರ ಓದಿದೋರು," ಎಂದು ಮೇಷ್ಟ್ರು ಅಡ್ಡ ನಿಂತರು. ಮೇಡಂ ಮುಗುಳ್ನಕ್ಕು, ಶಾಲು ಸರಿಮಾಡಿಕೊಂಡು, ಊರ ಚೌಕದಲ್ಲಿ ಹಾಕಿದ್ದ ಕುರ್ಚಿಗಳ ಮುಂದಿನ ಸಾಲಿನಲ್ಲಿ ಒಬ್ದುಲಿಯಾಳ ಪಕ್ಕ ಕೂತರು.

ಚೌಕದ ಕಟ್ಟೆಯ ಮೇಲೆ ಮೇಷ್ಟ್ರು ಕಿತ್ತಳೆಯನ್ನು ಸೂರ್ಯ, ನಿಂಬೆಯನ್ನು ಚಂದ್ರ ಮಾಡಿ ಅಚ್ಚುಕಟ್ಟಾಗಿ ವಿವರಿಸಿದರು. ಕತ್ತಲು ಮೂರು ನಿಮಿಷ ಐವತ್ತು ಸೆಕೆಂಡು ಇರುತ್ತದೆ, ಕೋಳಿಗಳು ಗೂಡು ಸೇರುತ್ತವೆ, ನಕ್ಷತ್ರ ಕಾಣುತ್ತದೆ, ಹೆದರುವಂಥದ್ದೇನಿಲ್ಲ. ಮೇಡಂ ತಲೆದೂಗಿದರು.

ಹೇಳಿದ ಹೊತ್ತಿಗೇ ಕತ್ತಲು ಬಿತ್ತು. ಕೋಳಿಗಳು ಗೂಡು ಸೇರಿದವು. ನಾಯಿಗಳು ಬಾಯಿ ಮುಚ್ಚಿದವು. ನಡುಹಗಲಲ್ಲಿ ನಕ್ಷತ್ರ ಕಾಣಿಸಿತು, ಸೂರ್ಯನಿದ್ದಲ್ಲಿ ಒಂದು ಕರಿ ತೂತು. ಎಲ್ಲವೂ ತಾವು ಹೇಳಿದಂತೆಯೇ ನಡೆಯುತ್ತಿತ್ತು, ಅದನ್ನೇ ಮೇಷ್ಟ್ರಿಗೆ ತಡೆಯಲಾಗಲಿಲ್ಲ. ಭಯವಾಯಿತು, ಸುಳ್ಳೇಕೆ ಹೇಳಬೇಕು.

"ಕೆಂಪು! ಯಾರಾದ್ರೂ ಕೆಂಪು ಕೊಡ್ರೋ!" ಎಂದು ಕೂಗುತ್ತ ಕಟ್ಟೆಯಿಂದ ಹಾರಿದರು. ಮುಂದಿನ ಸಾಲಿನಲ್ಲಿ ತಡಕಾಡಿದ ಕೈಗೆ ರಿಬ್ಬನ್ನಿನ ತುದಿ ಸಿಕ್ಕಿತು. ಕೀಕಾಳ ಬುಟ್ಟಿಯೇ ಇರಬೇಕೆಂದು ಜಗ್ಗಿದರು. ಪಿನ್ನಿನ ಸಮೇತ ಪರ್ರನೆ ಕಿತ್ತು ಬಂತು. ಅದನ್ನು ಹೆಂಡತಿಯ ಅಂಗಿಗೆ ಚುಚ್ಚಿ, ಅವಳ ಹೊಟ್ಟೆಯನ್ನು ತಬ್ಬಿ ಮಂಡಿಯೂರಿದರು.

ಬೆಳಕು ಮರಳಿದಾಗಲೂ ಹಾಗೆಯೇ ಇದ್ದರು. ಇಡೀ ಊರು ನೋಡುತ್ತಿತ್ತು.

"ಮೇಡಂ, ಎಲ್ಲಾ ಗೊತ್ತಿದ್ದೂ ಹೀಗೆ... ಕ್ಷಮಿಸಬೇಕು," ಎಂದು ತೊದಲಿದರು.

"ಭಾಷಣ ಚೆನ್ನಾಗಿತ್ತು ಮೇಷ್ಟ್ರೇ," ಎಂದರು ಮೇಡಂ. ಮುಖ ಬಿಳಿಚಿತ್ತು. ಶಾಲಿನ ಕೆಳಗೆ ಅಂಗಿ ಹರಿದಿತ್ತು. "ಆದ್ರೆ ಅದು ನನ್ನ ರಿಬ್ಬನ್ನು, ನಮ್ಮಮ್ಮ ಕಟ್ಟಿ ಕಳ್ಸಿದ್ದು. ನಿಮ್ಮಿಂದ ಅಷ್ಟು ಹೊತ್ತೂ ಹೊಟ್ಟೆಗೆ ಬರೀ ಕೈ ಅಡ್ಡ ಹಿಡ್ಕೊಂಡು ಕೂತಿದ್ದೆ."

ಆಮೇಲೆ ಮೇಷ್ಟ್ರ ಅರ್ಜಿಗೆ ಅಡ್ಡಗೆರೆ ಎಳೆದು, ಕಾರಣದ ಜಾಗದಲ್ಲಿ 'ಅಭ್ಯರ್ಥಿಗೆ ವಿಜ್ಞಾನದಲ್ಲಿ ನಂಬಿಕೆ ಸಾಲದು' ಎಂದು ಬರೆದರು. ಬರೆದದ್ದು ಒಂದೇ ಕೈಯಲ್ಲಿ. ಇನ್ನೊಂದನ್ನು ಹೊಟ್ಟೆಯ ಮೇಲಿಂದ ಇನ್ನೂ ತೆಗೆದಿರಲಿಲ್ಲ.